ಅಲರ್ಟ್ ಹಾಕೋಕೆ ಮುಂಚೆ ಗ್ರಾಫ್ ನೋಡ್ಬೇಕು: ನೆಟ್‌ವರ್ಕ್ ಮಾನಿಟರಿಂಗ್‌ನಲ್ಲಿ ನನ್ನ ಅನುಭವ

ಕಂಪ್ಯೂಟರ್‌ಗಳನ್ನ ನೆಟ್‌ವರ್ಕ್‌ಗೆ ಜೋಡ್ಸೋ ಸ್ವಿಚ್ ಪೂರ್ತಿ ಸತ್ತೋದ್ರೆ ಅದನ್ನ ಹೇಳೋಕೆ ಸಾಫ್ಟ್‌ವೇರೇ ಬೇಕಾಗಿಲ್ಲ, ಹಿಂದೇನೇ ಫೋನ್ ಬಂದೇ ಬರತ್ತೆ. ತಲೆನೋವು ಇರೋದು ಅರ್ಧಂಬರ್ಧ ಕೆಲ್ಸ ಮಾಡೋ ಲಿಂಕ್‌ಗಳದ್ದು. ಪಿಂಗ್ (ಆ ಕಡೆ ಬಾಕ್ಸ್ ಬದುಕಿದ್ಯಾ ಅಂತ ಕೇಳೋ ಸಣ್ಣ ಪ್ಯಾಕೆಟ್) ಹೋಗ್ತಿರತ್ತೆ, ಲೈಟ್ ಹಸಿರು ಉರೀತಿರತ್ತೆ, ಜನ ಮಾತ್ರ "ಸ್ಲೋ ಇದೆ, ಸ್ಲೋ ಇದೆ" ಅಂತಾನೇ ಇರ್ತಾರೆ. ನಾನು ನೋಡ್ಕೊಳ್ಳೋ ನೆಟ್‌ವರ್ಕಲ್ಲಿ ಮೊದ್ಲು ಪಿಂಗ್ ಚೆಕ್ ಬಿಟ್ರೆ, ಸಿಪಿಯು 80% ದಾಟಿದ್ರೆ ಮೇಲ್, ಲಿಂಕ್ 80% ದಾಟಿದ್ರೆ ಮೇಲ್ ಅಂತ ಯಾರೋ ಯಾವಾಗ್ಲೋ ಹಾಕಿಟ್ಟಿದ್ದು ಅಷ್ಟೇ ಇತ್ತು, ರಾತ್ರಿ ಬ್ಯಾಕಪ್ ಓಡೋ ಹೊತ್ತಿಗೆ ಮೇಲ್ ಮೇಲೆ ಮೇಲ್ ಬಂದು ಕೊನೆಗೆ ಎಲ್ರೂ ಫಿಲ್ಟರ್ ಹಾಕಿ ಬೇರೆ ಫೋಲ್ಡರ್‌ಗೆ ತಳ್ಳಿಬಿಟ್ಟಿದ್ರು. ಅಲ್ಲಿಗೆ ಆ ಅಲರ್ಟ್ ಇದ್ರೂ ಒಂದೇ, ಇಲ್ದಿದ್ರೂ ಒಂದೇ.

ಹಾಗಾಗಿ ಡೌನ್ ಅಲರ್ಟ್ ಒಂದು ಬಿಟ್ಟು ಮಿಕ್ಕಿದ್ದೆಲ್ಲಾ ಕಿತ್ತಾಕಿ, ಕೆಲವು ವಾರ ಬರೀ ಡೇಟಾ ಕಲೆಕ್ಟ್ ಮಾಡೋಣ ಅಂತ ಶುರು ಮಾಡ್ದೆ. ಡೇಟಾ ತರೋಕೆ ಎಸ್‌ಎನ್‌ಎಂಪಿ (ಸ್ವಿಚ್, ರೂಟರ್‌ಗಳಿಂದ ಅವುಗಳ ಲೆಕ್ಕ ಕೇಳಿ ತರೋ ಪ್ರೋಟೋಕಾಲ್) ವರ್ಷನ್ 3, ಆಥೆಂಟಿಕೇಶನ್ ಎನ್‌ಕ್ರಿಪ್ಶನ್ ಎರಡೂ ಆನ್. ವರ್ಷನ್ 2ಸಿ ಸುಲಭ ನಿಜ, ಆದ್ರೆ ಅದ್ರಲ್ಲಿ ಪಾಸ್‌ವರ್ಡ್ ಥರದ ಕಮ್ಯುನಿಟಿ ಸ್ಟ್ರಿಂಗ್ ಬಟಾಬಯಲಲ್ಲಿ ಹೋಗತ್ತೆ, ಪ್ಯಾಕೆಟ್ ಹಿಡಿದವ್ನಿಗೆ ಓದೋಕೆ ಸಿಗತ್ತೆ.

ಇಲ್ಲಿ ಕೌಂಟರ್ ವಿಷ್ಯ ಸ್ವಲ್ಪ ಬಿಡಿಸಿ ಹೇಳ್ಬೇಕು, ಯಾಕಂದ್ರೆ ಹೊಸಬ್ರಿಗೆ ಗ್ರಾಫ್ ಯಾಕೆ ಹುಚ್ಚುಚ್ಚಾಗಿ ಬರತ್ತೆ ಅಂತ ಗೊತ್ತಾಗಲ್ಲ. ಪೋರ್ಟಲ್ಲಿ ಎಷ್ಟು ಬೈಟ್ ಬಂತು ಅನ್ನೋ ಹಳೇ ಕೌಂಟರ್ 32 ಬಿಟ್‌ದು. ಅದು ತುಂಬಿ ಮತ್ತೆ ಸೊನ್ನೆಗೆ ಬರೋಕೆ 100 ಎಂಬಿಪಿಎಸ್ ಫುಲ್ ಓಡ್ತಿದ್ರೆ 5.7 ನಿಮಿಷ ಸಾಕು, 1 ಗಿಗಾಬಿಟ್‌ನಲ್ಲಿ 34 ಸೆಕೆಂಡ್. ನೀವು 5 ನಿಮಿಷಕ್ಕೊಂದ್ಸಲ ಕೇಳ್ತಿದ್ರೆ ಗಿಗಾಬಿಟ್ ಪೋರ್ಟ್ ನಡುವೆ ಎಂಟು ಸಲ ಸುತ್ತು ಹೊಡೆದಿರಬಹುದು, ಗ್ರಾಫ್ ಮಾತ್ರ ಏನೂ ಆಗಿಲ್ವೇನೋ ಅನ್ನೋ ಥರ ಸಣ್ಣ ನಂಬರ್ ತೋರ್ಸತ್ತೆ. ಅದಕ್ಕೆ 64 ಬಿಟ್ ಕೌಂಟರ್, ಅಂದ್ರೆ ಹೆಸ್ರಲ್ಲಿ ಎಚ್‌ಸಿ ಅಂತ ಇರೋದನ್ನೇ ಓದ್ಬೇಕು. ಇನ್ನೊಂದು, ಇಂಟರ್‌ಫೇಸ್ ಇಂಡೆಕ್ಸ್ ನಂಬರ್ ನಂಬ್ಕೊಂಡು ಡೇಟಾ ಸೇವ್ ಮಾಡ್ಬೇಡಿ, ಕೆಲವು ಬಾಕ್ಸ್‌ಗಳಲ್ಲಿ ರೀಬೂಟ್ ಆದ್ಮೇಲೆ ಅದು ಬದಲಾಗಿ ಒಂದು ಪೋರ್ಟಿನ ಹಿಸ್ಟರಿ ಇನ್ನೊಂದಕ್ಕೆ ಅಂಟ್ಕೊಳ್ಳತ್ತೆ. ನಾನು ಇಂಟರ್‌ಫೇಸ್ ಹೆಸರಿನ ಮೇಲೆ ಇಟ್ಟಿದೀನಿ.

ಪೋಲಿಂಗ್, ಅಂದ್ರೆ ಬಾಕ್ಸ್‌ಗಳನ್ನ ಆಗಾಗ ಲೆಕ್ಕ ಕೇಳೋದು, ಅಪ್‌ಲಿಂಕ್‌ಗಳಿಗೆ (ಮೇಲಿನ ಸ್ವಿಚ್‌ಗೆ ಹೋಗೋ ಲಿಂಕ್‌ಗಳು) 1 ನಿಮಿಷ, ಮಿಕ್ಕ ಪೋರ್ಟ್‌ಗಳಿಗೆ 5. ಎಲ್ಲಾನೂ 1 ನಿಮಿಷಕ್ಕೆ ಇಡೋಣ ಅಂತ ಆಸೆ ಆಗತ್ತೆ, ಆದ್ರೆ ದೊಡ್ಡ ಟೇಬಲ್‌ಗಳನ್ನ, ಅದ್ರಲ್ಲೂ ರೂಟಿಂಗ್ ಟೇಬಲ್‌ನ, ಪೂರ್ತಿ ವಾಕ್ ಮಾಡಿಸಿದ್ರೆ (ಸಾಲು ಸಾಲಾಗಿ ಓದಿಸಿದ್ರೆ) ಬಾಕ್ಸಿನ ಸಿಪಿಯು ಏರೋದು ನಮ್ಮ ಮಾನಿಟರಿಂಗ್‌ನಿಂದಾನೇ. ಹಳೇ ಡೇಟಾ ಆವರೇಜ್ ಮಾಡಿ ಕುಗ್ಸುವಾಗ ಜೊತೆಗೆ ಮ್ಯಾಕ್ಸಿಮಮ್ ಕೂಡ ಇಟ್ಕೊಳ್ಳಿ, ಇಲ್ದಿದ್ರೆ ಆರು ತಿಂಗಳ ಹಿಂದಿನ ಪೀಕ್ ಎಲ್ಲಾ ಸವೆದು ಚಪ್ಪಟೆ ಆಗಿ ಹೋಗಿರತ್ತೆ.

ಅಷ್ಟು ದಿನದ ಗ್ರಾಫ್ ಕಣ್ಣ ಮುಂದೆ ಇದ್ಮೇಲೇ ಥ್ರೆಶೋಲ್ಡ್ (ಯಾವ ನಂಬರ್ ದಾಟಿದ್ರೆ ಅಲರ್ಟ್ ಅನ್ನೋ ಗೆರೆ) ಕೆಲ್ಸಕ್ಕೆ ಕೈ ಹಾಕಿದ್ದು. ಬ್ಯಾಕಪ್ ಲಿಂಕ್ ರಾತ್ರಿ 95% ಓಡೋದೇ ಅದ್ರ ಧರ್ಮ, ಅದಕ್ಕೆ ಅಲರ್ಟೇ ಬೇಡ. ಆದ್ರೆ ಯಾವತ್ತೂ 10% ದಾಟದ ಒಂದು ಲಿಂಕ್ ಹಗಲು ಹೊತ್ತಲ್ಲಿ 50% ಆದ್ರೆ ಅದು ಸುದ್ದಿ. ಒಂದೇ ನಂಬರ್ ಎಲ್ಲದಕ್ಕೂ ಹಾಕೋದು ಅಂದ್ರೆ ನನ್ನ ಪ್ರಕಾರ ಏನೂ ಹಾಕ್ದೇ ಇರೋದಕ್ಕಿಂತ ಕೆಟ್ದು, ಯಾಕಂದ್ರೆ ಹಾಕಿದೀವಿ ಅನ್ನೋ ಧೈರ್ಯ ಬೇರೆ ಇರತ್ತೆ.

ಎರಡು ಗೆರೆ ಇಡೋದು ಮುಖ್ಯ. ಸ್ವಿಚ್ ಒಳಗೇ ಇರೋ ಆರ್‌ಮಾನ್ (ರಿಮೋಟ್ ಮಾನಿಟರಿಂಗ್) ಅಲಾರ್ಮ್‌ನಲ್ಲಿ ಇದು ಮೊದಲಿಂದಾನೂ ಇದೆ, ರೈಸಿಂಗ್ ಒಂದು, ಫಾಲಿಂಗ್ ಒಂದು. 85 ದಾಟಿದಾಗ ಒಂದ್ಸಲ ಅಲರ್ಟ್ ಬರತ್ತೆ, ಆಮೇಲೆ 70ರ ಕೆಳಗೆ ಇಳಿಯೋವರ್ಗೂ ಮತ್ತೆ ಬರಲ್ಲ, ಹಾಗಾಗಿ 84, 86, 84 ಅಂತ ಕುಣಿಯೋ ಲಿಂಕ್ ನಮ್ಮನ್ನ ಕುಣಿಸಲ್ಲ. ಇದನ್ನ ಸ್ವಿಚ್ಚೇ ಲೆಕ್ಕ ಹಾಕಿ ಟ್ರ್ಯಾಪ್ (ಕೇಳ್ದೇನೇ ಕಳ್ಸೋ ಸೂಚನೆ) ಕಳ್ಸತ್ತೆ, ಆದ್ರೆ ಟ್ರ್ಯಾಪ್ ಯುಡಿಪಿ, ದಾರೀಲಿ ಬಿದ್ದೋದ್ರೆ ಕೇಳೋರಿಲ್ಲ, ಉತ್ತರ ಬರೋವರ್ಗೂ ಕಾಯೋ ಇನ್‌ಫಾರ್ಮ್ ಸಪೋರ್ಟ್ ಇದ್ರೆ ಅದನ್ನೇ ಹಾಕಿ. ಸರ್ವರ್ ಕಡೆ ಅಲರ್ಟ್‌ಗಳಿಗೆ ಜೊತೆಗೆ 10 ನಿಮಿಷ ಸತತ ಇದ್ರೆ ಮಾತ್ರ ಅನ್ನೋ ಕಂಡೀಶನ್ ಸೇರ್ಸಿದೀನಿ. ಕೋರ್ ಸ್ವಿಚ್ ಬಿದ್ರೆ ಅದ್ರ ಕೆಳಗಿರೋ ಎಲ್ಲದ್ರದ್ದೂ ಅಲರ್ಟ್ ಬರ್ದೇ ಇರೋ ಹಾಗೆ ಡಿಪೆಂಡೆನ್ಸಿನೂ ಕಟ್ಟಿದೀನಿ.

ಎರರ್‌ಗಳಿಗೆ ಮಾತ್ರ ಒಟ್ಟು ನಂಬರ್ ನೋಡ್ಬಾರ್ದು. ಸಿಆರ್‌ಸಿ (ದಾರೀಲಿ ಕೆಟ್ಟು ಬಂದ ಫ್ರೇಮ್‌ಗಳ ಎಣಿಕೆ) 40 ಸಾವಿರ ಅಂತ ಇದ್ರೆ ಅದು ಕಳೆದ ವರ್ಷದ್ದೋ ಈಗಿಂದೋ ಯಾರಿಗ್ಗೊತ್ತು, ಅದಕ್ಕೆ ನಿಮಿಷಕ್ಕೆ ಎಷ್ಟು ಏರ್ತಿದೆ ಅನ್ನೋದಕ್ಕೆ ಥ್ರೆಶೋಲ್ಡ್. ಒಂದು 10 ಗಿಗ್ ಎಲ್‌ಆರ್ (ದೂರದ ಓಟಕ್ಕಿರೋ) ಫೈಬರ್ ಅಪ್‌ಲಿಂಕ್ ಹೀಗೇ ಸಿಕ್ಕಿಬಿತ್ತು. ಟ್ರಾಫಿಕ್ 15% ಕೂಡ ಇಲ್ಲ, ಸಿಆರ್‌ಸಿ ಮಾತ್ರ ಬಿಟ್ಟೂ ಬಿಟ್ಟೂ ಏರ್ತಿದೆ. ಅದೇ ಪೋರ್ಟಿನ ಆಪ್ಟಿಕಲ್ ಪವರ್ ಗ್ರಾಫ್ ತೆಗೆದ್ರೆ ಮೈನಸ್ 6 ಡಿಬಿಎಂ (ಬೆಳಕಿನ ಶಕ್ತಿಯ ಅಳತೆ, ಮೈನಸ್ ಹೆಚ್ಚಾದಷ್ಟೂ ಬೆಳಕು ಕಮ್ಮಿ) ಇದ್ದ ರಿಸೀವ್ ಮೆಲ್ಲಗೆ ಜಾರಿ ಮೈನಸ್ 14ರ ಹತ್ರ ಬಂದಿದೆ. ಎಲ್‌ಆರ್‌ಗೆ ಸ್ಟ್ಯಾಂಡರ್ಡಲ್ಲಿ ಹೇಳಿರೋ ಕನಿಷ್ಠ ರಿಸೀವ್ ಪವರ್ ಮೈನಸ್ 14.4, ಅಂದ್ರೆ ಅಂಚಲ್ಲಿ ನಿಂತಿದೆ. ಪ್ಯಾಚ್ ಕಾರ್ಡ್ ಬಿಚ್ಚಿ ಸ್ಕೋಪಲ್ಲಿ ನೋಡಿದ್ರೆ ಕನೆಕ್ಟರ್ ಮುಖದ ಮೇಲೆ ಎಣ್ಣೆ ಕಲೆ ಥರ ಕೊಳೆ. ಕ್ಲೀನ್ ಮಾಡಿ ಹಾಕಿದ್ವಿ, ಪವರ್ ವಾಪಸ್ ಬಂತು, ಸಿಆರ್‌ಸಿ ನಿಂತೋಯ್ತು. ಆಮೇಲಿಂದ ಎಲ್ಲಾ ಎಲ್‌ಆರ್ ಪೋರ್ಟಿಗೂ ಮೈನಸ್ 11ಕ್ಕೆ ವಾರ್ನಿಂಗ್, ಜೊತೆಗೆ ತನ್ನ ಮಾಮೂಲಿ ಪವರ್‌ಗಿಂತ 3 ಡಿಬಿ ಇಳಿದ್ರೂ ವಾರ್ನಿಂಗ್.

ಇನ್ನೂ ಪೂರ್ತಿ ಕೈಗೆ ಸಿಗ್ದೇ ಇರೋದು ಮೈಕ್ರೋಬರ್ಸ್ಟ್. ಕೆಲವೇ ಮಿಲಿಸೆಕೆಂಡ್ ಬಫರ್ ತುಂಬಿ ಪ್ಯಾಕೆಟ್ ಚೆಲ್ಲಿ ಹೋಗತ್ತೆ, 1 ನಿಮಿಷದ ಆವರೇಜಲ್ಲಿ ಲಿಂಕ್ 20% ಅಂತ ಆರಾಮಾಗಿ ಕೂತಿರತ್ತೆ. ಸದ್ಯಕ್ಕೆ ಔಟ್ ಡಿಸ್ಕಾರ್ಡ್ (ಹೊರಗೆ ಹೋಗ್ದೇ ಚೆಲ್ಲಿದ ಪ್ಯಾಕೆಟ್‌ಗಳ ಎಣಿಕೆ) ಏರೋ ರೇಟಿಗೆ ಅಲರ್ಟ್ ಇಟ್ಟು ಹಿಡೀತಿದೀನಿ, ಸ್ಟ್ರೀಮಿಂಗ್ ಟೆಲಿಮೆಟ್ರಿ (ಬಾಕ್ಸೇ ತಾನಾಗಿ ಡೇಟಾ ಕಳಿಸ್ತಾ ಇರೋದು) ಬರೋ ಎರಡು ಬಾಕ್ಸಲ್ಲಿ ಕ್ಯೂ ಡೆಪ್ತ್ (ಬಫರ್ ಎಷ್ಟು ತುಂಬಿದೆ ಅನ್ನೋದು) ನೇರ ತರಿಸ್ಕೊಳ್ಳೋ ಟ್ರಯಲ್ ನಡೀತಿದೆ.