ಐಸಿಯು ಪ್ರೆಶರ್ ಸೆನ್ಸರ್‌ನಲ್ಲಿ ರಕ್ತದ ಸ್ನಿಗ್ಧತೆ: ನನ್ನ ಅನುಭವ

ಐಸಿಯುನಲ್ಲಿ ಅಪಧಮನಿಯ ಒತ್ತಡ ನೋಡಿ ಬಿಸಾಡುವ ಟ್ರಾನ್ಸ್‌ಡ್ಯೂಸರ್ (ಒತ್ತಡದ ಸೆನ್ಸರ್), ಸಿರಿಂಜ್ ಪಂಪ್, ಗಾಜಿನ ಕ್ಯಾಪಿಲರಿ (ಸಣ್ಣ ಕೊಳವೆ): ಪಂಪ್ ರಕ್ತವನ್ನು ಕೊಳವೆಯಲ್ಲಿ ತಳ್ಳುತ್ತದೆ, ಅದಕ್ಕೆ ಬೇಕಾಗುವ ಒತ್ತಡವನ್ನು ಸೆನ್ಸರ್ ಓದುತ್ತದೆ. ಇಷ್ಟರಿಂದ ರಕ್ತದ ಸ್ನಿಗ್ಧತೆ (ಹರಿಯಲು ಒಡ್ಡುವ ತಡೆ) ಸಿಗದು, ಕೋನ್-ಪ್ಲೇಟ್ ಯಂತ್ರವೇ (ಶಂಕು ಮತ್ತು ತಟ್ಟೆಯ ನಡುವೆ ರಕ್ತವನ್ನು ತಿರುಗಿಸಿ ಅಳೆಯುವುದು) ಬೇಕು ಎಂದವರೇ ಹೆಚ್ಚು. ಆ ಯಂತ್ರಕ್ಕೆ ಲಕ್ಷಗಟ್ಟಲೆ ಹಣ ಬೇಕು. ನಮ್ಮದಕ್ಕೆ ಪಂಪ್ ಬಿಟ್ಟರೆ ಎರಡು ಸಾವಿರದ ಆಸುಪಾಸು. ಸೆಕೆಂಡಿಗೆ 100ರಿಂದ 300ರ ಶಿಯರ್ ದರದಲ್ಲಿ (ರಕ್ತದ ಪದರಗಳು ಒಂದರ ಮೇಲೊಂದು ಜಾರುವ ವೇಗ) ಈಗ ಎರಡರ ಅಂಕಿಗಳೂ ಹೆಚ್ಚುಕಡಿಮೆ ಶೇ 5ರೊಳಗೆ ಕೂಡುತ್ತವೆ.

ಕ್ಯಾಪಿಲರಿಯ ಒಳವ್ಯಾಸ 0.5 ಮಿ.ಮೀ., ಉದ್ದ 200 ಮಿ.ಮೀ. ನಿಮಿಷಕ್ಕೆ 0.22 ಮಿ.ಲೀ. ಹರಿಸಿದರೆ ಶಿಯರ್ ದರ ಸುಮಾರು 300. ಆಗ 4 ಸೆಂಟಿಪಾಯ್ಸ್ (ಸ್ನಿಗ್ಧತೆಯ ಅಳತೆ) ರಕ್ತಕ್ಕೆ ಒತ್ತಡ 14 ಮಿ.ಮೀ. ಪಾದರಸ ಅಷ್ಟೇ. ತೊಂದರೆಯೆಲ್ಲ ಈ ಸಣ್ಣ ಅಂಕಿಯಲ್ಲೇ ಇದೆ. ಸೆನ್ಸರ್ ಒಂದು ಸೆಂ.ಮೀ. ಮೇಲೆ ಕೆಳಗಾದರೆ ಮುಕ್ಕಾಲು ಮಿ.ಮೀ. ಹೋಯಿತು, ಅಂದರೆ ಶೇ 5. ಅದಕ್ಕಿಂತ ಕಾಡಿದ್ದು ತುದಿಯಲ್ಲಿ ತೂಗುವ ಹನಿ: ಹನಿ ಬೆಳೆದು ಬಿದ್ದಂತೆಲ್ಲ ರೀಡಿಂಗ್ ಏರಿಳಿಯುತ್ತಿತ್ತು. ತುದಿಯನ್ನು ಸಲೈನ್‌ನಲ್ಲಿ ಮುಳುಗಿಸಿ, ಸಲೈನ್ ಮಟ್ಟಕ್ಕೆ ಸೊನ್ನೆ ಹೊಂದಿಸಿದ ಮೇಲೆ ಗೆರೆ ನೆಟ್ಟಗಾಯಿತು.

ಒಳವ್ಯಾಸವನ್ನು ಸೂಕ್ಷ್ಮದರ್ಶಕದಲ್ಲಿ ಅಳೆದು, ಒತ್ತಡದಿಂದ ಸ್ನಿಗ್ಧತೆ ಲೆಕ್ಕ ಹಾಕುವ ಸೂತ್ರಕ್ಕೆ ಹಾಕಬೇಡಿ. ತ್ರಿಜ್ಯ ನಾಲ್ಕನೇ ಘಾತದಲ್ಲಿದೆ. ಶೇ 2ರ ತಪ್ಪು ಶೇ 8 ಆಗುತ್ತದೆ. 37 ಡಿಗ್ರಿಯಲ್ಲಿ ನೀರು (0.69 ಸೆಂಟಿಪಾಯ್ಸ್), ತೂಕದಲ್ಲಿ ಅರ್ಧಕ್ಕರ್ಧ ನೀರು ಬೆರೆಸಿದ ಗ್ಲಿಸರಿನ್ (3.4ರ ಹತ್ತಿರ) ಹರಿಸಿ ಪ್ರತಿ ಕ್ಯಾಪಿಲರಿಗೂ ಒತ್ತಡವನ್ನು ಸ್ನಿಗ್ಧತೆಗೆ ಬದಲಿಸುವ ಅದರದೇ ಗುಣಾಂಕ ತೆಗೆಯಿರಿ.

ಮಾದರಿ ಇಡಿಟಿಎ (ಹೆಪ್ಪುಗಟ್ಟದಂತೆ ತಡೆಯುವ ರಾಸಾಯನಿಕ) ಬೆರೆಸಿದ ರಕ್ತ, ತೆಗೆದ ನಾಲ್ಕು ಗಂಟೆಯೊಳಗೆ. ಟ್ಯೂಬ್ ಗುರುತಿನವರೆಗೆ ತುಂಬಿರಲೇಬೇಕು. ಕಡಿಮೆಯಾದರೆ ಇಡಿಟಿಎ ಹೆಚ್ಚಾಗಿ ಕೆಂಪು ರಕ್ತಕಣಗಳು ಕುಗ್ಗುತ್ತವೆ. ಸಿರಿಂಜಿನಲ್ಲೇ ಕಣ ತಳಕ್ಕಿಳಿಯುವುದು ದೊಡ್ಡ ಕಾಟ. ಅದನ್ನು ತಡೆಯುವ ಉಪಾಯ ಸದ್ಯಕ್ಕೆ ನಮ್ಮಲ್ಲೇ ಇರಲಿ.

ಹೋಲಿಕೆಗೆ ಒಬ್ಬರದೇ ಕಣಗಳನ್ನು ಅವರದೇ ಪ್ಲಾಸ್ಮಾದಲ್ಲಿ ಬೆರೆಸಿ ಹೆಮಟೋಕ್ರಿಟ್ (ರಕ್ತದಲ್ಲಿ ಕೆಂಪು ಕಣಗಳ ಶೇಕಡಾ ಪಾಲು) 20ರಿಂದ 60ರವರೆಗೆ ಸರಣಿ ಮಾಡಿದೆವು. ಇಷ್ಟು ಅಗಲದ ಸರಣಿಯಲ್ಲಿ ಯಾವ ಸಾಧನಕ್ಕೂ 0.98ರ ಕೋರಿಲೇಷನ್ (ಎರಡರ ಅಂಕಿಗಳು ಒಟ್ಟಿಗೆ ಏರಿಳಿಯುವ ಮಟ್ಟ, ಗರಿಷ್ಠ 1) ಬಂದೇ ಬರುತ್ತದೆ, ಅದನ್ನು ನಂಬಬೇಡಿ. ಬ್ಲಾಂಡ್-ಆಲ್ಟ್‌ಮನ್ ನಕ್ಷೆ (ಎರಡು ಸಾಧನಗಳ ಅಂಕಿಗಳ ವ್ಯತ್ಯಾಸ ತೋರಿಸುವುದು) ಹಾಕಿದಾಗಲೇ ಹೆಮಟೋಕ್ರಿಟ್ 55ರ ಮೇಲೆ ನಮ್ಮದು ಕಡಿಮೆ ತೋರಿಸುವುದು ಕಂಡಿದ್ದು. 0.2 ಮಿ.ಮೀ. ಕ್ಯಾಪಿಲರಿಯನ್ನೂ ಹಾಕಿ ನೋಡಿದೆವು: ಒತ್ತಡ ಚೆನ್ನಾಗಿ ಬಂತು, ಆದರೆ ಫಾರಿಯಸ್-ಲಿಂಡ್‌ಕ್ವಿಸ್ಟ್ ಪರಿಣಾಮದಿಂದ (ತೀರಾ ಸಣ್ಣ ಕೊಳವೆಯಲ್ಲಿ ರಕ್ತ ತೆಳುವಾದಂತೆ ಹರಿಯುವುದು) ಸ್ನಿಗ್ಧತೆಯೇ ಇಳಿಯಿತು. 20ರ ಶಿಯರ್ ದರದಲ್ಲಿ ಒತ್ತಡ ಒಂದೂವರೆ ಮಿ.ಮೀ.; ಅಲ್ಲಿ ಈ ಸೆನ್ಸರ್‌ಗೆ ಕೆಲಸವಿಲ್ಲ.

ತೊಳೆಯುವಾಗ ಮೊದಲು ಸಲೈನ್, ಆಮೇಲೆ ಎನ್‌ಝೈಮ್ ಡಿಟರ್ಜೆಂಟ್, ಕೊನೆಗೆ ನೀರು. ಮೊದಲೇ ಸ್ಪಿರಿಟ್ ಹಾಕಿದರೆ ಪ್ರೋಟೀನ್ ಗಾಜಿಗೆ ಕಚ್ಚಿಕೊಂಡು ಗುಣಾಂಕ ಬದಲಾಗುತ್ತದೆ, ಆ ಕ್ಯಾಪಿಲರಿ ಮತ್ತೆ ಉಪಯೋಗಕ್ಕಿಲ್ಲ.