ಸರ್ಫಿಂಗ್: ನಿಲ್ಲುವ ಮೊದಲು ಬೀಳಲು ಕಲಿಯಿರಿ

ಕರ್ನಾಟಕದಲ್ಲಿ ಸರ್ಫಿಂಗ್ ಕಲಿಯುವವರು ಹೆಚ್ಚಾಗಿ ಹೋಗುವುದು ಮಂಗಳೂರಿನಿಂದ ಉತ್ತರಕ್ಕಿರುವ ಮೂಲ್ಕಿ, ಸಸಿಹಿತ್ಲು ಕಡೆಗೆ. ಮಳೆಗಾಲ ಮುಗಿದು ಅಕ್ಟೋಬರ್ ಬಂದ ಮೇಲೆ ಅಲ್ಲಿ ಹೊಸಬರಿಗೆ ತಕ್ಕ ಸಣ್ಣ ಅಲೆಗಳು ಸಿಗುತ್ತವೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹೊಸಬರು ಇಳಿಯಲೇಬಾರದು. ಉಳಿದ ತಿಂಗಳುಗಳಲ್ಲೂ ಹೈದರಾಬಾದಿನ ಸಾಗರ ಮಾಹಿತಿ ಕೇಂದ್ರವಾದ ಇನ್‌ಕಾಯಿಸ್ ಸಂಸ್ಥೆ ಕೊಡುವ ಎತ್ತರದ ಅಲೆಗಳ ಎಚ್ಚರಿಕೆಯನ್ನು ಹಿಂದಿನ ರಾತ್ರಿಯೇ ನೋಡಿಕೊಳ್ಳಿ.

ಈಜು ಬಾರದವರು ಮೊದಲು ಈಜು ಕಲಿತು ಬನ್ನಿ. ನಿಲ್ಲದೆ 100 ಮೀಟರ್ ಈಜಲು, ಕಾಲು ತಾಗದ ನೀರಿನಲ್ಲಿ ಐದು ನಿಮಿಷ ತೇಲಿಕೊಂಡಿರಲು ಬರಲೇಬೇಕು. ಬೋರ್ಡನ್ನು ಕಾಲಿಗೆ ಕಟ್ಟುವ ಹಗ್ಗ, ಅಂದರೆ ಲೀಶ್, ಕಡಿದುಹೋದರೆ ಬೋರ್ಡ್ ಕೈಗೆ ಸಿಗುವುದಿಲ್ಲ.

ಬೋರ್ಡ್ 8ರಿಂದ 9 ಅಡಿ ಉದ್ದದ, ಮೇಲ್ಮೈ ಮೆತ್ತಗಿರುವ ಫೋಮ್ ಬೋರ್ಡ್ ಆಗಿರಲಿ. ಗಿಡ್ಡ ಫೈಬರ್ ಬೋರ್ಡ್ ಹೊಸಬರ ಕಾಲಡಿ ಅಲ್ಲಾಡುತ್ತದೆ, ತಲೆಗೆ ಬಡಿದರೆ ಗಾಯವೂ ಆಳ. ಲೀಶ್ ಹೆಚ್ಚುಕಡಿಮೆ ಬೋರ್ಡ್‌ನಷ್ಟೇ ಉದ್ದವಿರಬೇಕು. ಗಿಡ್ಡದಾದರೆ ಬಿದ್ದಾಗ ಬೋರ್ಡ್ ಚಿಮ್ಮಿ ಮೈಮೇಲೆ ಬರುತ್ತದೆ. ಅದನ್ನು ಹಿಂದಿಡುವ ಕಾಲಿನ ಪಾದದ ಗಂಟಿಗೆ ಕಟ್ಟಿ. ಯಾವ ಕಾಲು ಹಿಂದೆ ಎಂಬ ಗೊಂದಲವಿದ್ದರೆ ಬೆನ್ನ ಹಿಂದಿನಿಂದ ಯಾರಾದರೂ ಮೆಲ್ಲಗೆ ತಳ್ಳಲಿ. ತಾನಾಗಿ ಮುಂದೆ ಹೋದದ್ದು ಮುಂಗಾಲು. ಲೀಶನ್ನು ಬೆರಳಿಗೋ ಅಂಗೈಗೋ ಎಂದೂ ಸುತ್ತಿಕೊಳ್ಳಬೇಡಿ. ಅಲೆ ಎಳೆದಾಗ ಬೆರಳೇ ಮುರಿಯಬಹುದು.

ಇಳಿಯುವ ಮೊದಲು ಹದಿನೈದು ನಿಮಿಷ ದಡದಲ್ಲಿ ನಿಂತು ಕಡಲನ್ನು ನೋಡಿ. ಎರಡೂ ಬದಿ ಅಲೆ ಒಡೆಯುತ್ತಿದ್ದು ನಡುವೆ ಒಂದು ಪಟ್ಟೆ ಮಾತ್ರ ಶಾಂತವಾಗಿದ್ದರೆ, ಅಲ್ಲಿ ನೀರು ಕಪ್ಪಾಗಿ ಅಥವಾ ಮರಳು ಕಲಸಿ ಕಂಡರೆ, ನೊರೆ ಆಚೆಗೆ ಸಾಗುತ್ತಿದ್ದರೆ ಅದು ಕಡಲೊಳಗೆ ಎಳೆದೊಯ್ಯುವ ಸೆಳೆತ. ಅಲೆಯಿಲ್ಲದ ಜಾಗ ಸುಲಭವೆಂದುಕೊಂಡು ಹೊಸಬರು ಇಳಿಯುವುದು ಅಲ್ಲೇ. ಶಾಂಭವಿ, ನಂದಿನಿ ನದಿಗಳು ಕಡಲು ಸೇರುವ ಅಳಿವೆಯ ಬಾಯಲ್ಲಿ, ಅದರಲ್ಲೂ ಇಳಿತದ ಹೊತ್ತಿನಲ್ಲಿ, ಸೆಳೆತ ಜೋರು. ಕಡಲ್ಕೊರೆತ ತಡೆಯಲು ಹಾಕಿದ ಬಂಡೆಗಳಿಂದ, ಮೀನುಗಾರರ ಬಲೆಗಳಿಂದಲೂ ದೂರವಿರಿ. ಎಲ್ಲಿ ಇಳಿಯಬಹುದೆಂದು ಊರಿನ ಮೀನುಗಾರರನ್ನು ಕೇಳಿ. ಅವರು ಬೇಡವೆಂದರೆ ಬೇಡ.

ಸೆಳೆತಕ್ಕೆ ಸಿಕ್ಕರೆ ದಡದತ್ತ ನೇರ ಈಜಿ ಸುಸ್ತಾಗಬೇಡಿ. ಬೋರ್ಡ್ ಬಿಡದೆ ಅದರ ಮೇಲೆ ಮಲಗಿ, ದಡಕ್ಕೆ ಸಮಾನಾಂತರವಾಗಿ ಕೈ ಹಾಕುತ್ತಾ ಅಲೆ ಒಡೆಯುವ ಕಡೆ ಸಾಗಿ; ಅಲ್ಲಿಂದ ನೊರೆಯೇ ದಡಕ್ಕೆ ತಳ್ಳುತ್ತದೆ. ಆಗದಿದ್ದರೆ ತೇಲಿಕೊಂಡೇ ಒಂದು ಕೈ ಎತ್ತಿ ಬೀಸಿ.

ಮೊದಲ ಪಾಠ ಸೊಂಟದ ಆಳದ ನೀರಿನಲ್ಲಿ, ಒಡೆದು ಬರುವ ಒಂದೆರಡು ಅಡಿಯ ನೊರೆಯಲೆಯಲ್ಲಿ. ಬೋರ್ಡ್ ಸದಾ ನಿಮ್ಮ ಪಕ್ಕದಲ್ಲಿರಲಿ. ನಿಮಗೂ ಅಲೆಗೂ ನಡುವೆ ಇದ್ದರೆ ಅಲೆ ಅದನ್ನು ನಿಮ್ಮ ಎದೆಗೋ ಹಲ್ಲಿಗೋ ಅಪ್ಪಳಿಸುತ್ತದೆ. ಬೀಳುವಾಗ ಎಂದೂ ತಲೆ ಮುಂದಾಗಿ ಬೀಳಬೇಡಿ. ಆಳವಿಲ್ಲದ ನೀರಿನಲ್ಲಿ ಕತ್ತಿಗೆ ಪೆಟ್ಟಾಗುವುದು ಹಾಗೆಯೇ. ಬೋರ್ಡ್‌ನಿಂದ ದೂರಕ್ಕೆ, ಪಕ್ಕಕ್ಕೆ, ಮೈ ಚಪ್ಪಟೆಯಾಗಿ ಬೀಳಿ. ಎರಡೂ ತೋಳಿನಿಂದ ತಲೆ ಮುಚ್ಚಿಕೊಂಡು ಕ್ಷಣ ತಡೆದು, ಒಂದು ಕೈ ಮೇಲೆತ್ತಿಕೊಂಡೇ ಮೇಲೆ ಬನ್ನಿ. ಇದನ್ನು ಹತ್ತಾರು ಸಲ ಬೇಕೆಂದೇ ಮಾಡಿ.

ಏಳುವ ಅಭ್ಯಾಸ ಮರಳಿನಲ್ಲೇ ಆಗಲಿ. ಬೋರ್ಡ್‌ನ ಆಕಾರ ಗೀಚಿ ಅದರೊಳಗೆ ಮಲಗಿ. ಅಂಗೈಗಳನ್ನು ಪಕ್ಕೆಲುಬಿನ ಕೆಳಭಾಗದ ಬದಿಯಲ್ಲಿ ಊರಿ. ಅಂಚನ್ನು ಹಿಡಿದರೆ ನೀರಿನಲ್ಲಿ ಬೋರ್ಡ್ ವಾಲುತ್ತದೆ. ಎದೆಯೆತ್ತಿ, ಮುಂಗಾಲನ್ನು ಕೈಗಳ ನಡುವೆ ತಂದು, ಮಂಡಿ ಬಗ್ಗಿಸಿಯೇ ಏಳಿ. ನೋಟ ಪಾದದ ಮೇಲಲ್ಲ, ದಡದ ಮೇಲೆ.

ನೀರಿನಲ್ಲಿ ಮಲಗಿದಾಗ ಬೋರ್ಡ್‌ನ ಮೂತಿ ಮೂರು–ನಾಲ್ಕು ಇಂಚು ಮೇಲಿರಬೇಕು. ಮುಂದೆ ಸರಿದು ಮಲಗಿದರೆ ಮೂತಿ ನೀರಿಗೆ ನಾಟಿ ನೀವು ಮಗುಚುತ್ತೀರಿ. ಹಿಂದೆ ಸರಿದರೆ ಅಲೆ ನಿಮ್ಮನ್ನು ಬಿಟ್ಟು ಮುಂದೆ ಹೋಗುತ್ತದೆ.

ತೋಳು ಸೋತಿತೆನಿಸಿದ ಕೂಡಲೇ ಹೊರಬನ್ನಿ. ಬರುವಾಗ ಹೊಟ್ಟೆಯ ಮೇಲೆ ಮಲಗಿಯೇ ನೊರೆಯೊಂದಿಗೆ ಬಂದು, ಬೋರ್ಡ್ ಅಡಿಯ ರೆಕ್ಕೆ (ಫಿನ್) ಮರಳಿಗೆ ತಾಗುವ ಮೊದಲು, ಮೊಣಕಾಲಿನ ಆಳದಲ್ಲಿ ಪಕ್ಕಕ್ಕೆ ಇಳಿಯಿರಿ.