ಎವಿ ರಿಸೀವರ್ ಜೋಡಣೆ: ತಂತಿಯಿಂದ ಟ್ಯೂನಿಂಗ್‌ವರೆಗೆ

ಟಿವಿ, ಪ್ಲೇಯರುಗಳ ಧ್ವನಿಯನ್ನು ಪಡೆದು ಸ್ಪೀಕರುಗಳಿಗೆ ಹಂಚುವ ಎವಿ ರಿಸೀವರ್ ಬಿಸಿಯಾಗುವ ಯಂತ್ರ. ಮುಚ್ಚಿದ ಕಪಾಟಿನಲ್ಲಿ ಇಡಬೇಡಿ. ಮೇಲ್ಭಾಗದಲ್ಲಿ ಕನಿಷ್ಠ 10–15 ಸೆಂ.ಮೀ. ಜಾಗ ಇರಲಿ.

ತಂತಿ ಜೋಡಿಸುವಾಗ ಪ್ಲಗ್ ಕಿತ್ತಿರಲೇಬೇಕು. ಸ್ಪೀಕರ್ ತಂತಿಯ ತುದಿಯನ್ನು ಸುಮಾರು 1 ಸೆಂ.ಮೀ. ಸುಲಿದು, ಎಳೆಗಳನ್ನು ಬಿಗಿಯಾಗಿ ಹೊಸೆಯಿರಿ. ಒಂದೇ ಒಂದು ಎಳೆ ಪಕ್ಕದ ಟರ್ಮಿನಲ್‌ಗೆ ತಗುಲಿದರೂ ಶಾರ್ಟ್ ಆಗಿ ರಿಸೀವರ್ ತಾನೇ ಆಫ್ ಆಗಬಹುದು. ಪ್ಲಸ್‌ಗೆ ಪ್ಲಸ್, ಮೈನಸ್‌ಗೆ ಮೈನಸ್. ಒಂದು ಸ್ಪೀಕರಿನಲ್ಲಿ ಅದಲುಬದಲಾದರೆ ಬೇಸ್ ಸೊರಗುತ್ತದೆ, ಎದುರಿನ ಧ್ವನಿಗೆ ನೆಲೆಯೇ ಸಿಗುವುದಿಲ್ಲ. ಮಾತು ಸ್ಪಷ್ಟವಿಲ್ಲ ಎನ್ನುವವರು ಮೊದಲು ಇದನ್ನೇ ನೋಡಬೇಕು.

ಟಿವಿಯಲ್ಲಿ ಇ-ಆರ್ಕ್ ಅಥವಾ ಆರ್ಕ್ (ಟಿವಿಯ ಧ್ವನಿಯನ್ನು ರಿಸೀವರಿಗೆ ಮರಳಿ ಕಳಿಸುವ ದಾರಿ) ಎಂದು ಬರೆದ ಎಚ್‌ಡಿಎಂಐ ಪೋರ್ಟನ್ನೇ ರಿಸೀವರಿನ ಔಟ್‌ಪುಟ್‌ಗೆ ಸೇರಿಸಿ. ಟಿವಿಯ ಆಡಿಯೊ ಸೆಟ್ಟಿಂಗ್ ಪಾಸ್-ಥ್ರೂ (ಧ್ವನಿಯನ್ನು ಬದಲಿಸದೆ ಹಾಗೇ ಕಳಿಸುವುದು) ಇರಲಿ. ಪಿಸಿಎಂ (ಟಿವಿಯೇ ಧ್ವನಿಯನ್ನು ಬಿಡಿಸಿ ಕಳಿಸುವ ಕ್ರಮ) ಇದ್ದರೆ ಅನೇಕ ಟಿವಿಗಳು ಎರಡೇ ಚಾನೆಲ್ ಕಳಿಸುತ್ತವೆ. ಆರ್ಕ್‌ನಲ್ಲಿ ಧ್ವನಿಯೇ ಬಾರದಿದ್ದರೆ ಎರಡೂ ಕಡೆ ಸಿಇಸಿ (ಜೋಡಿಸಿದ ಸಾಧನಗಳು ಒಂದನ್ನೊಂದು ನಿಯಂತ್ರಿಸುವ ಸೌಲಭ್ಯ) ಆನ್ ಆಗಿದೆಯೇ ನೋಡಿ.

ಬೇಸ್ ನುಡಿಸುವ ಸಬ್‌ವೂಫರಿನ ಕ್ರಾಸ್‌ಓವರ್ ಗುಂಡಿಯನ್ನು (ಯಾವ ಆವರ್ತನದ ಕೆಳಗಿನ ಧ್ವನಿ ಸಬ್‌ವೂಫರಿಗೆ ಎಂಬ ಗಡಿ) ಗರಿಷ್ಠಕ್ಕೆ ತಿರುಗಿಸಿ, ವಾಲ್ಯೂಮ್ ಅರ್ಧಕ್ಕಿಡಿ; ಆ ಗಡಿಯನ್ನು ರಿಸೀವರಿನಲ್ಲೇ ಹೊಂದಿಸುತ್ತೇವೆ. ಆಮೇಲೆ ಕ್ಯಾಲಿಬ್ರೇಶನ್, ಅಂದರೆ ರಿಸೀವರ್ ಮೈಕಿನಿಂದ ಧ್ವನಿಯನ್ನು ಅಳೆದು ಸ್ಪೀಕರುಗಳನ್ನು ಹೊಂದಿಸುವುದು. ಮೈಕನ್ನು ಕೈಯಲ್ಲಿ ಹಿಡಿಯದೆ ಸ್ಟ್ಯಾಂಡಿನ ಮೇಲೆ, ಕುಳಿತವರ ಕಿವಿಯ ಎತ್ತರಕ್ಕೆ ನಿಲ್ಲಿಸಿ. ಫ್ಯಾನ್, ಎಸಿ ಆರಿಸಿ. ಫಲಿತಾಂಶವನ್ನು ಕಣ್ಣುಮುಚ್ಚಿ ನಂಬಬೇಡಿ: ಮುಂದಿನ ಸ್ಪೀಕರುಗಳನ್ನು ಅದು ಹಲವು ಸಲ ‘ಲಾರ್ಜ್’ (ಬೇಸನ್ನೂ ತಾವೇ ನುಡಿಸುವಂಥವು) ಎಂದು ಗುರುತಿಸುತ್ತದೆ. ಸಬ್‌ವೂಫರ್ ಇರುವಾಗ ‘ಸ್ಮಾಲ್’ಗೆ (ಬೇಸ್ ಸಬ್‌ವೂಫರಿಗೆ ಹೋಗುವಂತೆ) ಬದಲಿಸಿ, ರಿಸೀವರಿನ ಕ್ರಾಸ್‌ಓವರ್ 80 ಹರ್ಟ್ಸ್‌ನಿಂದ ಆರಂಭಿಸಿ. ತೀರಾ ಪುಟ್ಟ ಸ್ಪೀಕರುಗಳಿಗೆ 100 ಅಥವಾ 120 ಬೇಕಾಗಬಹುದು.